ಕ್ಷೌರದ ಕತ್ತಿಯನ್ನು ಡೆಟಾಲ್ ನೀರಿನಲ್ಲಿ ಅದ್ದಿಟ್ಟರೆ ಸಾಕೇ?

ಪ್ರಶ್ನೆ: ಮನೆಯಲ್ಲೇ ಕತ್ತಿ ಹಿಡಿದು ಗಡ್ಡ ತೆಗೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಮುಗಿದ ಮೇಲೆ ಡೆಟಾಲ್ ಬೆರೆಸಿದ ಬಿಸಿನೀರಿನ ಲೋಟದಲ್ಲಿ ಕತ್ತಿ ಅದ್ದಿಡುತ್ತೇನೆ. ಆದರೂ ತಿಂಗಳೊಳಗೆ ಮೊಂಡಾಗಿದೆ, ಕೆನ್ನೆ ಉರಿಯುತ್ತದೆ. ಇನ್ನೇನು ಮಾಡಬೇಕು?

ಉತ್ತರ: ಮೊದಲು ಆ ಲೋಟ ಎತ್ತಿಡಿ. ಕತ್ತಿ ಕೆಟ್ಟಿರುವುದೇ ಅದರಿಂದ. ಈ ಪ್ರಶ್ನೆ ಅಲ್ಪಸ್ವಲ್ಪ ಬದಲಾಗಿ ಪದೇ ಪದೇ ಬರುತ್ತಲೇ ಇದೆ. ಎರಡು ಸಾಲಿನ ಉತ್ತರ ಯಾರಿಗೂ ನಾಟಿದಂತಿಲ್ಲ, ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ. ಇಲ್ಲಿ ಹೇಳುತ್ತಿರುವುದು ಮಸೆದು ಮಸೆದು ಬಳಸುವ ಇಡೀ ಅಲಗಿನ ಕತ್ತಿಯ ಬಗ್ಗೆ. ಅರ್ಧ ಬ್ಲೇಡ್ ಸಿಕ್ಕಿಸುವ ಸಲೂನ್ ಕತ್ತಿಯಾದರೆ ಬ್ಲೇಡ್ ಎಸೆದು, ಉಳಿದದ್ದನ್ನು ತೊಳೆದು ಒರೆಸಿದರೆ ಆಯಿತು.

ಲೋಟದಲ್ಲಿರುವುದು ಏನು? ಮುಚ್ಚಳದಷ್ಟು ಡೆಟಾಲ್, ಮಿಕ್ಕಿದ್ದೆಲ್ಲ ನೀರು. ಆ ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ಉಕ್ಕಿಗೆ ತುಕ್ಕು ಹಿಡಿಯಲು ಇವೆರಡೇ ಸಾಕು. ನಂಜುನಾಶಕಕ್ಕೆ ತುಕ್ಕು ತಡೆಯುವ ಗುಣವಿಲ್ಲ, ಅದರ ಕೆಲಸವೇ ಬೇರೆ. ಚೆನ್ನಾಗಿ ಮಸೆದ ಕತ್ತಿಯ ಬಾಯಿ, ಅಂದರೆ ಕೂದಲು ಕತ್ತರಿಸುವ ಅಂಚು, ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ) ತೆಳು. ಗಡ್ಡದ ಕೂದಲು ಅದಕ್ಕಿಂತ ನೂರು ಪಟ್ಟು ದಪ್ಪ. ಅಲಗಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತುಕ್ಕು ಬಂದರೆ ಒರೆಸಿ ತೆಗೆಯಬಹುದು. ಅಷ್ಟೇ ತುಕ್ಕು ಬಾಯಿಗೆ ತಗುಲಿದರೆ ಒರೆಸಿದ ಮೇಲೆ ಅಲ್ಲಿ ಉಳಿಯಲು ಉಕ್ಕೇ ಇರುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿ: ನೇರ ಗೆರೆಯಾಗಿರಬೇಕಾದ ಬಾಯಿ ಹಲ್ಲು ಹಲ್ಲಾಗಿರುತ್ತದೆ. ಕೆನ್ನೆ ಉರಿಸುವುದು ಆ ಹಲ್ಲುಗಳು. ಸಾಲದ್ದಕ್ಕೆ, ಕತ್ತಿ ಇಳಿಬಿಟ್ಟಾಗ ಬಾಯಿ ಲೋಟದ ಗಾಜಿಗೋ ಸ್ಟೀಲಿಗೋ ಒಮ್ಮೆ ತಾಗಿದರೂ ಸಾಕು, ಮುಕ್ಕಾಗುತ್ತದೆ.

"ನನ್ನದು ಸ್ಟೇನ್‌ಲೆಸ್, ಚಿಂತೆಯಿಲ್ಲ" ಎನ್ನುವವರೂ ಇದ್ದಾರೆ. ಕತ್ತಿಯ ಸ್ಟೇನ್‌ಲೆಸ್ ಉಕ್ಕು ಅಡುಗೆಮನೆಯ ತಟ್ಟೆಯ ಉಕ್ಕಲ್ಲ. ಹರಿತ ನಿಲ್ಲಲು ಅದರಲ್ಲಿ ಇಂಗಾಲ ಹೆಚ್ಚು ಬೇಕು. ತುಕ್ಕು ತಡೆಯಬೇಕಾದ ಕ್ರೋಮಿಯಂ ಸುಮಾರು 13% ಇದ್ದರೂ ಅದರಲ್ಲೊಂದು ಪಾಲು ಆ ಇಂಗಾಲದ ಜೊತೆ ಸೇರಿಹೋಗುತ್ತದೆ. ಉಪ್ಪಿನಂಶದ ಬೋರ್‌ವೆಲ್ ನೀರಿನಲ್ಲಿ ನೆನೆದರೆ ಇದಕ್ಕೂ ಚುಕ್ಕಿ ಚುಕ್ಕಿಯಾಗಿ ಗುಳಿ ಬೀಳುತ್ತದೆ. ನಿಧಾನವಾಗಿ ಬೀಳುತ್ತದೆ ಎನ್ನುವುದಷ್ಟೇ ವ್ಯತ್ಯಾಸ.

ರೋಗಾಣುವಿನ ಭಯ ನ್ಯಾಯವಾದದ್ದೇ, ಅದನ್ನು ತಳ್ಳಿಹಾಕುತ್ತಿಲ್ಲ. ಆದರೆ ಸೋಪಿನ ಜಿಡ್ಡು, ಚರ್ಮದ ಹೊಟ್ಟು ಅಂಟಿರುವ ಅಲಗಿಗೆ ಯಾವ ನಂಜುನಾಶಕವೂ ಸರಿಯಾಗಿ ಮುಟ್ಟುವುದಿಲ್ಲ. ಮೊದಲು ತೊಳೆಯಬೇಕು, ಆಮೇಲೆ 70% ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒರೆಸಬೇಕು. ಒಬ್ಬರೇ ಬಳಸುವ ಕತ್ತಿಗೆ ಇಷ್ಟು ಧಾರಾಳವಾಯಿತು. ಇಬ್ಬರು ಬಳಸುವುದಾದರೆ ಇದೂ ಸಾಲದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಅದಕ್ಕೆ ಸಲ್ಲುವ ಬ್ಲೀಚಿಂಗ್ ದ್ರಾವಣ ಅಲಗನ್ನೇ ತಿಂದುಹಾಕುತ್ತದೆ. ಅಪ್ಪ ಮಗನೇ ಆದರೂ ಇಡೀ ಅಲಗಿನ ಕತ್ತಿ ಒಬ್ಬೊಬ್ಬರಿಗೆ ಒಂದೊಂದು ಇರಲಿ.

ಇನ್ನು ದಿನದ ಕೆಲಸ, ಎರಡು ನಿಮಿಷದ್ದು. ಬಾಯಿ ಕೆಳಗೆ ಮಾಡಿ, ಬೆನ್ನಿನಿಂದ ಬಾಯಿಯತ್ತ ನೀರು ಇಳಿಯುವಂತೆ ನಲ್ಲಿಯಡಿ ಹಿಡಿಯಿರಿ. ನಲ್ಲಿಗೆ ತಾಗದಷ್ಟು ದೂರವಿರಲಿ, ಅಲಗು ಹಿಡಿಗೆ ಸೇರುವ ಕೀಲಿನೊಳಗೆ ನೀರು ಹೋಗದಿರಲಿ. ನೀರು ಬಿಸಿ ಇದ್ದರೆ ಉಕ್ಕಿನ ಹದ ಕೆಡುತ್ತದೆ ಎಂದು ಹೆದರಬೇಡಿ. ಹದ ಮಾಡುವುದೇ 150 ಡಿಗ್ರಿಗಿಂತ ಮೇಲೆ. ಕುದಿಯುವ ನೀರೂ ಅಷ್ಟು ಕಾಯುವುದಿಲ್ಲ. ಬಿಸಿ ಅಲಗು ಬೇಗ ಒಣಗುತ್ತದೆ ಕೂಡ. ಬಿಸಿನೀರು ಆಗದಿರುವುದು ಕೊಂಬಿನ ಅಥವಾ ಮರದ ಹಿಡಿಗೆ. ಅದು ಸೊಟ್ಟಗಾಗುತ್ತದೆ, ಬಿರಿಯುತ್ತದೆ.

ಒರೆಸಲು ಹಳೇ ಪಂಚೆಯ ತುಂಡು ಒಳ್ಳೆಯದು. ಬೆನ್ನಿನ ಕಡೆಯಿಂದ ಎರಡು ಬೆರಳ ನಡುವೆ ಬಟ್ಟೆ ಹಿಡಿದು ಬಾಯಿಯಾಚೆಗೆ ಎಳೆಯಿರಿ. ಬಾಯಿಯ ಉದ್ದಕ್ಕೆ ಎಳೆದರೆ ಬಟ್ಟೆಯೂ ಹೋಯಿತು, ಬೆರಳೂ ಹೋಯಿತು. ಎಲ್ಲರೂ ಮರೆಯುವ ಜಾಗ ಕೀಲು: ಟಿಶ್ಯೂ ಕಾಗದ ಮಡಚಿ ಹಿಡಿಯ ಎರಡು ಪಟ್ಟಿಗಳ ನಡುವೆ ತೂರಿಸಿ ತೇವ ಹೀರಿಸಿ. ತೇವ ಉಳಿದು ತುಕ್ಕು ಹಿಡಿಯುವ ಜಾಗ ಅದು. ಆಮೇಲೆ ದಪ್ಪ ಕಾಟನ್ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಆಡಿಸಿ, ಬಾಯಿಯ ತೇವ ಪೂರ್ತಿ ಹೋಗುತ್ತದೆ. ಚರ್ಮದ ಪಟ್ಟಿ ಮುಂದಿನ ಕ್ಷೌರದ ಮುಂಚೆ, 40-50 ಸಲ. ಒದ್ದೆ ಕತ್ತಿ ಚರ್ಮದ ಮೇಲೆ ಎಳೆದರೆ ಎರಡೂ ಹಾಳು.

ಪಟಿಕ ಹಚ್ಚಿಕೊಳ್ಳುವ ಮುಂಚೆಯೇ ಕತ್ತಿಯ ಕೆಲಸ ಮುಗಿಸಿಬಿಡಿ. ಪಟಿಕದ ನೀರು ಆಮ್ಲೀಯ. ಆ ಕೈಯಲ್ಲಿ ಅಲಗು ಮುಟ್ಟಿ ಹಾಗೇ ಮಡಚಿಟ್ಟರೆ ಬೆಳಿಗ್ಗೆಗೆ ಬೆರಳಿನ ಗುರುತು ಕಪ್ಪಗೆ ಎದ್ದಿರುತ್ತದೆ.

ಒಣ ಊರಿನಲ್ಲಿ ದಿನಾ ಬಳಸುವ ಕತ್ತಿಗೆ ಎಣ್ಣೆ ಬೇಡ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ದಿನಾ ಬೇಕು. ಹೊಲಿಗೆ ಯಂತ್ರದ ಎಣ್ಣೆಯೋ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ನೋ, ಒಂದು ಹನಿ ಎರಡು ಬದಿಗೂ ಸಾಕು. ಅಡುಗೆ ಎಣ್ಣೆ ಕಾಲಕ್ರಮೇಣ ಕಮಟಿ ಅಂಟಾಗುತ್ತದೆ. ಕತ್ತಿ ಇಡುವ ಜಾಗ ಬಚ್ಚಲುಮನೆಯಾಗದಿರಲಿ, ಚರ್ಮದ ಚೀಲವೂ ಬೇಡ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ನಿಮ್ಮ ಕತ್ತಿ ಈಗಾಗಲೇ ಮೊಂಡಾಗಿದೆ ಎಂದಿರಿ. ದಯವಿಟ್ಟು ಅದನ್ನು ಬೀದಿಯಲ್ಲಿ ಬರುವ ಸಾಣೆಯವರಿಗೆ ಕೊಡಬೇಡಿ. ಮಚ್ಚು, ಕತ್ತರಿ, ಈಳಿಗೆಗೆ ಅವರ ಕೈ ಪಳಗಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ತಿರುಗುವ ಚಕ್ರಕ್ಕೆ ಇಷ್ಟು ತೆಳು ಅಂಚು ತಗುಲಿದರೆ ಕ್ಷಣದಲ್ಲಿ ಕಾಯುತ್ತದೆ. ಬಾಯಿ ನೀಲಿಗಟ್ಟಿತೆಂದರೆ ಶಾಖ 300 ಡಿಗ್ರಿಯ ಹತ್ತಿರ ಹೋಗಿದೆ, ಹದ ಇಳಿದಿದೆ ಎಂದರ್ಥ. ಇನ್ನು ಆ ಭಾಗ ಹರಿತ ಹಿಡಿಯದು. ಕ್ಷೌರದ ಕತ್ತಿಯನ್ನು ಸಪಾಟು ಕಲ್ಲಿನ ಮೇಲೆ, ಬೆನ್ನು ಬಾಯಿ ಎರಡೂ ಕಲ್ಲಿಗೆ ಕೂತಿರುವಂತೆ, ನೀರು ಹಾಕಿ ಮಸೆಯಬೇಕು. ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ, ಬೆನ್ನೆತ್ತಿ ಮಸೆದರೆ ಆ ಲೆಕ್ಕ ತಪ್ಪುತ್ತದೆ. 1000 ಗ್ರಿಟ್‌ನ (ಕಲ್ಲಿನ ನುಣುಪಿನ ಅಂಕಿ, ಹೆಚ್ಚಿದಷ್ಟೂ ನುಣುಪು) ಕಲ್ಲಿನಿಂದ ಶುರುಮಾಡಿ 4000, 8000 ದಾಟಿದರೆ ಮುಖಕ್ಕೆ ಬಳಸುವಷ್ಟಾಗುತ್ತದೆ.

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ, ಜರ್ಮನಿಯ ಜೋಲಿಂಗೆನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಮುದ್ರೆಯ ಕತ್ತಿಗೂ ಇದೇ ದಾರಿ. ಅಲಗಿನ ಮೈಮೇಲಿನ ಕೆಂಪು ತುಕ್ಕು ಎಣ್ಣೆ, 2000 ಗ್ರಿಟ್‌ನ ವಾಟರ್ ಪೇಪರಿಗೆ ಬಿಡುತ್ತದೆ. ಕಪ್ಪು ಗುಳಿ ಬಾಯಿಯವರೆಗೆ ಇಳಿದಿದ್ದರೆ ಎಷ್ಟು ಮಸೆದರೂ ಗೆರೆ ಕೂಡುವುದಿಲ್ಲ. ಆ ಕಾಲದ ಕತ್ತಿಗಳಲ್ಲಿ ದಂತದಂತೆ ಕಾಣುವ ಹಿಡಿ ಬಹಳ ಸಲ ಸೆಲ್ಯುಲಾಯ್ಡ್, ಅಂದರೆ ಬೇಗ ಬೆಂಕಿ ಹತ್ತುವ ಹಳೇ ಬಗೆಯ ಪ್ಲಾಸ್ಟಿಕ್. ಅದು ಹಳತಾದಂತೆ ಒಡೆದು ಆಮ್ಲದ ಆವಿ ಬಿಡುತ್ತದೆ, ಮಡಚಿಟ್ಟ ಅಲಗು ಹಿಡಿಯೊಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹಿಡಿಯ ಮೇಲೆ ಸೂಕ್ಷ್ಮ ಬಿರುಕಿನ ಜಾಲ ಕಂಡರೆ, ಕರ್ಪೂರದ ಇಲ್ಲವೇ ಹುಳಿ ವಾಸನೆ ಬಂದರೆ, ಹಿಡಿಯನ್ನು ಬಿಚ್ಚಿಸಿ ಬೇರೆ ಹಾಕಿಸಿ. ಬಿಚ್ಚುವವರೆಗೆ ಆ ಕತ್ತಿಯನ್ನು ಉಳಿದ ಕತ್ತಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಬೆಂಕಿಯ ಹತ್ತಿರವಂತೂ ಬೇಡವೇ ಬೇಡ.