ಚಿಕ್ಕ ಮನೆಗೆ ಹೋಗುತ್ತಿದ್ದೇವೆ, ಸ್ಪೀಕರ್‌ಗೆ ವೈರ್ ಇರಬೇಕೇ, ಬೇಡವೇ?

ಪ್ರಶ್ನೆ: ಮೈಸೂರಿನ ಸ್ವಂತ ಮನೆ ಬಿಟ್ಟು ಬೆಂಗಳೂರಿನಲ್ಲಿ ಮಗಳ ಮನೆಯ ಹತ್ತಿರ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬರುತ್ತಿದ್ದೇವೆ. ನನ್ನ ಬಳಿ ಇಪ್ಪತ್ತೈದು ವರ್ಷ ಹಳೆಯ ಆಂಪ್ಲಿಫೈಯರ್ ಮತ್ತು ಸೊಂಟದೆತ್ತರದ ಎರಡು ಸ್ಪೀಕರ್‌ಗಳಿವೆ. "ಎಲ್ಲವನ್ನೂ ಯಾರಿಗಾದರೂ ಕೊಟ್ಟು ವೈರ್‌ಲೆಸ್ ತೆಗೆದುಕೊಳ್ಳಿ, ಮನೆ ಚೊಕ್ಕಟವಾಗಿರುತ್ತದೆ" ಎನ್ನುತ್ತಾಳೆ ಮಗಳು. ಏನು ಮಾಡಲಿ?

ಉತ್ತರ: ಕೊಡುವ, ಕೊಳ್ಳುವ ಮಾತು ಆಮೇಲೆ. ಮೊದಲು ಹೊಸ ಫ್ಲ್ಯಾಟಿಗೆ ಹೋಗಿ ಹಾಲ್‌ನಲ್ಲಿ ಪ್ಲಗ್ ಪಾಯಿಂಟ್‌ಗಳು ಎಲ್ಲೆಲ್ಲಿವೆ ಎಂದು ಎಣಿಸಿಕೊಂಡು ಬನ್ನಿ. ವೈರ್‌ಲೆಸ್ ಎಂಬ ಪದದಲ್ಲಿ ಒಂದು ಸಣ್ಣ ಮೋಸವಿದೆ. ಅಂಥ ಸ್ಪೀಕರ್‌ಗೆ ಹಾಡು ಗಾಳಿಯಲ್ಲಿ ಬರುತ್ತದೆ, ಕರೆಂಟು ಬರುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಸ್ಪೀಕರ್‌ಗಳನ್ನು ಬಿಟ್ಟರೆ ಉಳಿದವುಗಳಿಗೆ ಗೋಡೆಯ ಪ್ಲಗ್ ಬೇಕೇ ಬೇಕು. ಎಡಕ್ಕೊಂದು, ಬಲಕ್ಕೊಂದು ಇಟ್ಟರೆ ಸಾಮಾನ್ಯವಾಗಿ ಎರಡು ಪ್ಲಗ್. ನಮ್ಮ ಫ್ಲ್ಯಾಟುಗಳಲ್ಲಿ ಟಿವಿ ಇಡುವ ಗೋಡೆಯ ನಡುವೆ ನಾಲ್ಕೈದು ಪಾಯಿಂಟ್‌ಗಳು ಗುಂಪಾಗಿರುತ್ತವೆ, ಮೂಲೆಗಳಲ್ಲಿ ಒಂದೂ ಇರುವುದಿಲ್ಲ. ಹಾಗಾಗಿ ವೈರ್ ಬೇಡವೆಂದು ದುಬಾರಿ ಜೋಡಿ ತಂದವರು ಕೊನೆಗೆ ದಪ್ಪ ಎಕ್ಸ್‌ಟೆನ್ಶನ್ ಬಾಕ್ಸನ್ನು ಸೋಫಾದ ಹಿಂದೆ ಎಳೆಯುತ್ತಾರೆ. ನಿಮ್ಮ ಹಳೆಯ ಸ್ಪೀಕರ್‌ಗೆ ಕರೆಂಟಿನ ಪ್ಲಗ್ ಬೇಡವೇ ಬೇಡ. ಆಂಪ್ಲಿಫೈಯರಿನಿಂದ ಹೊರಡುವ ಒಂದು ಜೋಡಿ ತೆಳುವಾದ ತಂತಿ ಸಾಕು, ಅದು ಸ್ಕರ್ಟಿಂಗ್ ಪಟ್ಟಿಯ ಮೇಲೆ ಯಾರ ಕಣ್ಣಿಗೂ ಬೀಳದಂತೆ ಮಲಗಿರುತ್ತದೆ.

ಹಾಗೆಂದು ನಿಮ್ಮ ಸೊಂಟದೆತ್ತರದ ಜೋಡಿಯನ್ನು ಹಾಗೆಯೇ ತನ್ನಿ ಎನ್ನುತ್ತಿಲ್ಲ. ಇಲ್ಲಿ ಕೋಣೆಯ ಅಳತೆ ಮಾತನಾಡುತ್ತದೆ. ಎರಡು ಗೋಡೆಗಳ ನಡುವೆ ಹತ್ತು ಅಡಿ ಇದ್ದರೆ ಸುಮಾರು 56 ಹರ್ಟ್ಸ್‌ನ ತಗ್ಗಿನ ಸ್ವರ ಅಲ್ಲಿ ತಾನಾಗಿಯೇ ಉಬ್ಬುತ್ತದೆ. ದೊಡ್ಡ ಸ್ಪೀಕರ್ ಆ ಜಾಗಕ್ಕೆ ಇನ್ನಷ್ಟು ಶಕ್ತಿ ತುಂಬುತ್ತದೆ, ಮೂಲೆಗೆ ತಳ್ಳಿದರಂತೂ ಮುಗಿಯಿತು. ಮೃದಂಗದ ಎಡಮುಖದ ಪೆಟ್ಟುಗಳು ಒಂದೊಂದಾಗಿ ಕೇಳುವ ಬದಲು ಗುಂಯ್ ಎಂದು ಒಂದರ ಮೇಲೊಂದು ಹರಡಿಕೊಳ್ಳುತ್ತವೆ. ಇನ್ನೊಂದು ಲೆಕ್ಕವೂ ಇದೆ. ಹನ್ನೆರಡು ಅಡಿ ದೂರ ಕುಳಿತು ಕೇಳುತ್ತಿದ್ದವರು ಆರು ಅಡಿಗೆ ಬಂದರೆ ಸ್ಪೀಕರಿನಿಂದ ನೇರವಾಗಿ ಕಿವಿಗೆ ಬರುವ ಸದ್ದು 6 ಡೆಸಿಬೆಲ್‌ನಷ್ಟು ಏರುತ್ತದೆ. ಅಂದರೆ ಮೊದಲಿನಷ್ಟೇ ಸದ್ದಿಗೆ ಹೆಚ್ಚುಕಡಿಮೆ ಕಾಲು ಭಾಗದ ವಾಟ್ ಸಾಕು. ಚಿಕ್ಕ ಮನೆಗೆ ದೊಡ್ಡ ಪೆಟ್ಟಿಗೆಯ ಅಗತ್ಯ ಹೀಗೆ ತಾನಾಗಿಯೇ ಇಳಿಯುತ್ತದೆ. ಶೆಲ್ಫಿನ ಮೇಲೆ ಕೂರುವ ಸಣ್ಣ ಜೋಡಿ, ಗೋಡೆಯಿಂದ ಒಂದು ಗೇಣಾದರೂ ಮುಂದಕ್ಕೆ: ಈ ಕೋಣೆಗೆ ಅಷ್ಟು ಬೇಕು.

ಹಳೆಯದನ್ನು ಬಿಡಲು ಮನಸ್ಸಿಲ್ಲವೇ? ಮುಂದಿನ ಬಟ್ಟೆಯ ಜಾಲರಿ ತೆಗೆದು, ತಗ್ಗಿನ ಸ್ವರ ಹೊರಡಿಸುವ ದೊಡ್ಡ ವೂಫರಿನ ಕಾಗದದ ಕೋನ್ ಸುತ್ತಲಿನ ಮೆತ್ತನೆಯ ಅಂಚನ್ನು ಬೆರಳಿನ ತುದಿಯಿಂದ ಮೆಲ್ಲಗೆ ಮುಟ್ಟಿ. ರಬ್ಬರಿನದಾದರೆ ಬಹುಶಃ ಇನ್ನೂ ಗಟ್ಟಿಯಾಗಿರುತ್ತದೆ. ಫೋಮಿನದಾದರೆ ಬೆರಳಿಗೆ ಕಪ್ಪು ಪುಡಿ ಅಂಟಬಹುದು. ನನ್ನ ಜೋಡಿಯೊಂದರಲ್ಲಿ ಅಂಚು ಹಳೇ ಹಪ್ಪಳದಂತೆ ಉದುರಿ ಬಂದಿತ್ತು. ಅದು ಸ್ಪೀಕರಿನ ಸಾವೇನಲ್ಲ, ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ವಿಚಾರಿಸಿದರೆ ಫೋಮ್ ಬದಲಿಸುವವರು ಸಿಗುತ್ತಾರೆ. ವೂಫರಿಗೆ ಜೀವವಿದೆಯೇ ಎಂದು ತಿಳಿಯಲು ಆಂಪ್ಲಿಫೈಯರಿನ ವೈರ್ ಬಿಚ್ಚಿ, ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ಲನ್ನು ಸ್ಪೀಕರಿನ ಹಿಂದಿನ ಎರಡು ಟರ್ಮಿನಲ್‌ಗಳಿಗೆ ಒಂದು ಕ್ಷಣ ಮಾತ್ರ ತಾಗಿಸಿ. ಟಕ್ ಎಂದರೆ ಕೋನ್ ಅಲುಗಾಡಿತು. ಸೆಲ್ಲಿನ ಪ್ಲಸ್ ಕೆಂಪು ಟರ್ಮಿನಲ್‌ಗೆ ತಾಗಿದಾಗ ಕೋನ್ ಸಾಮಾನ್ಯವಾಗಿ ಹೊರಕ್ಕೆ ಜಿಗಿಯುತ್ತದೆ. ಮುಂದೆ ವೈರ್ ಜೋಡಿಸುವಾಗ ಇದು ನೆನಪಿರಲಿ. ಒಂದು ಸ್ಪೀಕರಿಗೆ ಪ್ಲಸ್–ಮೈನಸ್ ಅದಲುಬದಲಾದರೆ ತಗ್ಗಿನ ಸ್ವರ ಮಾಯವಾಗುತ್ತದೆ, ಗಾಯಕರು ನಡುವೆ ನಿಲ್ಲದೆ ಗೋಡೆಯಾಚೆ ಎಲ್ಲೋ ಹಾಡಿದಂತಾಗುತ್ತದೆ. ಎಷ್ಟೋ ಮನೆಗಳಲ್ಲಿ "ಈ ಸ್ಪೀಕರ್ ಚೆನ್ನಾಗಿಲ್ಲ" ಎಂಬ ದೂರಿನ ಮೂಲ ಇದೇ.

ವೈರಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯೇ ಐದು ಮೀಟರ್ ದೂರಕ್ಕೆ ಧಾರಾಳ. ಹೋಗಿಬರುವ ಹತ್ತು ಮೀಟರಿನ ಪ್ರತಿರೋಧ ಸುಮಾರು 0.12 ಓಮ್, 8 ಓಮ್‌ನ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಇನ್ನು ಆಯುಷ್ಯದ ಮಾತು, ನನಗೆ ಇದು ಬೆಲೆಗಿಂತ ಮುಖ್ಯ. ವೈಫೈ ಸ್ಪೀಕರ್ ಎಂದರೆ ಒಳಗೊಂದು ಕಂಪ್ಯೂಟರ್, ಅದಕ್ಕೆ ಕಂಪನಿಯ ಕೃಪೆ ಇರುವವರೆಗೆ ಕಳೆ. ಅಂಥ ಸ್ಪೀಕರ್ ಮಾಡುವ ಸೋನೋಸ್ ಕಂಪನಿ ತನ್ನ ಕೆಲವು ಹಳೆಯ ಮಾದರಿಗಳಿಗೆ 2020ರ ಮೇ ತಿಂಗಳಿಂದ ಹೊಸ ಸೌಲಭ್ಯಗಳನ್ನು ಕೊಡುವುದನ್ನು ನಿಲ್ಲಿಸಿತು. ಅವು ಹಾಡುವುದನ್ನು ಬಿಡಲಿಲ್ಲ, ಆದರೆ ಆ ವರ್ಷ ಬಂದ ಹೊಸ ಆ್ಯಪ್ ಅವುಗಳಿಗೆ ದಕ್ಕಲಿಲ್ಲ. ಹಳೆಯ ಆಂಪ್ಲಿಫೈಯರುಗಳಿಗೆ ಹಚ್ಚಲೆಂದೇ ಗೂಗಲ್ 2015ರಲ್ಲಿ ತಂದಿದ್ದ ಪುಟ್ಟ ವೈಫೈ ಸಾಧನ ಕ್ರೋಮ್‌ಕಾಸ್ಟ್ ಆಡಿಯೊ ತಯಾರಿಕೆ 2019ರಲ್ಲಿ ನಿಂತಿತು. 2025ರ ಮಾರ್ಚ್‌ನಲ್ಲಿ ಒಳಗಿನ ಡಿಜಿಟಲ್ ಪ್ರಮಾಣಪತ್ರವೊಂದರ ಹತ್ತು ವರ್ಷದ ಅವಧಿ ತೀರಿ, ಸರಿಪಡಿಸುವವರೆಗೆ ಕೆಲವು ದಿನ ಅವು ಬಾಯಿ ಮುಚ್ಚಿ ಕುಳಿತಿದ್ದವು. ತಾಮ್ರದ ತಂತಿಗೆ ಅವಧಿ ತೀರುವ ಪ್ರಮಾಣಪತ್ರವಿಲ್ಲ. ಬ್ಯಾಟರಿ ಸ್ಪೀಕರ್‌ಗಳ ಗತಿ ಬೇರೆ: ಕೆಲವು ವರ್ಷಗಳಲ್ಲಿ ಬ್ಯಾಟರಿ ಸೊರಗುತ್ತದೆ, ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಯನ್ನು ಬಿಚ್ಚುವುದು ರೇಜಿಗೆಯ ಕೆಲಸ.

ಹಾಗಾದರೆ ನಿಮ್ಮಂಥವರಿಗೆ ನಾನು ಹೇಳುವುದು: ಸ್ಪೀಕರಿಗೆ ವೈರ್ ಇರಲಿ, ಆಂಪ್ಲಿಫೈಯರಿಗೆ ಹಾಡು ಗಾಳಿಯಲ್ಲಿ ಬರಲಿ. ಬ್ಲೂಟೂತ್, ವೈಫೈ ಇರುವ ಅಂಗೈಯಗಲದ ಆಂಪ್ಲಿಫೈಯರುಗಳು ಈಗ ಸಿಗುತ್ತವೆ, ಪುಸ್ತಕಗಳ ನಡುವೆ ಕೂರುತ್ತವೆ. ಅದಕ್ಕೆ ಸಣ್ಣ ಜೋಡಿಯೊಂದನ್ನು ಹಚ್ಚಿ. ಮೊಬೈಲಿನಿಂದ ಹಾಡು ಕಳಿಸುವ ಮಗಳ ಸುಖವೂ ಉಳಿಯುತ್ತದೆ. ಹತ್ತು ವರ್ಷದ ನಂತರ ಹಾಳಾದರೆ ಹಾಳಾಗುವುದು ಆ ಪುಟ್ಟ ಡಬ್ಬಿ ಮಾತ್ರ, ಸ್ಪೀಕರಲ್ಲ. ಟಿವಿಗೂ ಇದನ್ನೇ ಬಳಸುವುದಾದರೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಕೇಬಲ್ಲಿನಲ್ಲಿ ಆಂಪ್ಲಿಫೈಯರಿಗೆ ತರುವ ಕಿಂಡಿ) ಇರುವುದನ್ನು ಆರಿಸಿ. ಬ್ಲೂಟೂತಿನಲ್ಲಿ ಟಿವಿಯ ಸದ್ದು ಎಷ್ಟೋ ಸಲ ತುಸು ತಡವಾಗಿ ಬರುತ್ತದೆ, ವಾರ್ತೆ ಓದುವವರ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ.

ಎರಡು ಸಂದರ್ಭಗಳಲ್ಲಿ ನನ್ನ ಸಲಹೆಯನ್ನು ಪಕ್ಕಕ್ಕಿಡಿ. ಬಾಗಿಲಿನಿಂದ ಬಚ್ಚಲಿಗೆ ನಡೆಯುವ ದಾರಿಗೆ ಅಡ್ಡವಾಗಿ ವೈರ್ ಹಾಯಲೇಬೇಕು ಎಂದಾದರೆ, ವಯಸ್ಸಾದವರಿರುವ ಮನೆಯಲ್ಲಿ ವೈರ್‌ಲೆಸ್ಸೇ ಸರಿ, ಸಂಗೀತಕ್ಕಿಂತ ಸೊಂಟ ದೊಡ್ಡದು. ಎರಡನೆಯದು, ನಿಮ್ಮ ಕೇಳುವಿಕೆಯೆಲ್ಲ ಬೆಳಗಿನ ಸುಪ್ರಭಾತ, ಅಡುಗೆಮನೆಯ ರೇಡಿಯೊ, ಹಳೆಯ ಧ್ವನಿಮುದ್ರಣ ಇಷ್ಟೇ ಆಗಿದ್ದರೆ ಒಂದೇ ಒಂದು ವೈರ್‌ಲೆಸ್ ಪೆಟ್ಟಿಗೆ ಸಾಕು. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಗಳೆಲ್ಲ ಮೋನೋ. ಅವುಗಳಿಗೆ ಎಡವೂ ಇಲ್ಲ, ಬಲವೂ ಇಲ್ಲ, ಎರಡು ಸ್ಪೀಕರಿಟ್ಟು ಸಿಗುವ ಲಾಭವೂ ಹೆಚ್ಚಿಲ್ಲ.

ಕೊಳ್ಳುವ ಮುನ್ನ ಸ್ಪೀಕರಿನ ತಳದ ಅಳತೆಗೆ ಹಳೇ ದಿನಪತ್ರಿಕೆ ಕತ್ತರಿಸಿ ಹೊಸ ಹಾಲ್‌ನಲ್ಲಿ ಇಟ್ಟು ನೋಡಿ, ಬಾಗಿಲು, ಪರದೆ, ಕುರ್ಚಿ ಎಲ್ಲಕ್ಕೂ ದಾರಿ ಉಳಿಯುತ್ತದೆಯೇ ಎಂದು. ಮೈಸೂರಿನಲ್ಲಿ ಸಾಮಾನು ಕಟ್ಟುವವರು ಬರುವ ಮೊದಲು ಹಳೆಯ ಆಂಪ್ಲಿಫೈಯರಿನ ಹಿಂಭಾಗದ ಫೋಟೊ ಒಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅದನ್ನು ಯಾರಿಗೇ ಕೊಟ್ಟರೂ ಯಾವ ವೈರ್ ಎಲ್ಲಿಗೆ ಎಂದು ಕೇಳಿ ಅವರು ಫೋನ್ ಮಾಡಿಯೇ ಮಾಡುತ್ತಾರೆ.