ಚೌತಿ ಮಳೆಗೆ ಎಂಥ ಟಯರ್ ಬೇಕು?

ಹೋದ ವರ್ಷ ಚೌತಿಗೆ ನನ್ನ ಅತ್ತೆಯ ಮಗ, ಅಂದರೆ ಭಾವ, ಬೆಂಗಳೂರಿನಿಂದ ಕಾರವಾರಕ್ಕೆ ತಮ್ಮ ಪೋರ್ಶೆ 718 ಕೇಮನ್ ಎಂಬ ಸ್ಪೋರ್ಟ್ಸ್ ಕಾರಿನಲ್ಲೇ ಬಂದರು. ಹಳೆಯ ಗಾಡಿ, ಇನ್ನೊಬ್ಬರ ಕೈಯಿಂದ ಕೊಂಡದ್ದು, ಆದರೂ ನೋಡಿದರೆ ಕಣ್ಣು ತುಂಬುತ್ತದೆ. ಅರಬೈಲ್ ಘಟ್ಟವನ್ನು ಚೆನ್ನಾಗಿಯೇ ಇಳಿದಿದ್ದರು. ಅಂಕೋಲಾ ದಾಟಿ ಹೆದ್ದಾರಿ 66ರಲ್ಲಿ ಬರುವಾಗ ಮಳೆ ಜೋರಾಯಿತು. ರಸ್ತೆಯ ತಗ್ಗಿನಲ್ಲಿ ನಿಂತ ನೀರಿಗೆ ಗಾಡಿ ನುಗ್ಗಿದ್ದೇ ತಡ, ಹಿಂಭಾಗ ದೋಣಿಯ ಹಾಗೆ ಒಂದು ಕಡೆಗೆ ಜಾರಿತಂತೆ. ಒಂದೇ ಕ್ಷಣ. ಪಕ್ಕದಲ್ಲಿ ಲಾರಿ ಇರಲಿಲ್ಲ, ಬಚಾವಾದರು. ಮನೆಗೆ ಬಂದಾಗಲೂ ಅವರ ಕೈ ನಡುಗುತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗೋಣಿ ಹಾಸಿ ಕಾರಿನ ಕೆಳಗೆ ತಲೆ ಹಾಕಿ ನೋಡಿದೆ. ಹಿಂದಿನ ಎರಡೂ ಟಯರ್‌ಗಳ ಒಳಗಿನ ಅಂಚು ನುಣ್ಣಗಾಗಿತ್ತು. "ಅಲ್ಲ ಮಾರಾಯ, ಹೊರಗಿಂದ ನೋಡಿದ್ರೆ ಗೆರೆ ಎಲ್ಲ ಇನ್ನೂ ಇದ್ಯಲ್ಲ" ಎಂದರು ಭಾವ. ಇದ್ದವು ನಿಜ. ಆದರೆ ಇಂಥ ಕಾರುಗಳಲ್ಲಿ ಚಕ್ರದ ಮೇಲ್ಭಾಗ ಸ್ವಲ್ಪ ಒಳಕ್ಕೆ ವಾಲಿರುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ತಿರುವಿನಲ್ಲಿ ಗಾಡಿ ವಾಲಿದಾಗ ಟಯರ್ ಪೂರ್ತಿ ನೆಲಕ್ಕೆ ಕೂರಲಿ ಎಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ನೇರ ರಸ್ತೆಯಲ್ಲಿ ಮಾತ್ರ ಒಳ ಅಂಚಿನ ಮೇಲೆ ಭಾರ ಜಾಸ್ತಿ, ಸವೆಯುವುದೂ ಜಾಸ್ತಿ. ಹೊರಗಿನಿಂದ ನೋಡಿ ಟಯರ್ ಚೆನ್ನಾಗಿದೆ ಎಂದು ಯಾವತ್ತೂ ಹೇಳಬೇಡಿ, ಒಳಗೆ ಕೈ ಹಾಕಿ ಮುಟ್ಟಿ ನೋಡಿ.

ನಾಲ್ಕೂ ಟಯರ್ ಬದಲಿಸಲೇಬೇಕಿತ್ತು. ಭಾವ ಫೋನಿನಲ್ಲಿ ಒಂದು ಪಟ್ಟಿ ತೋರಿಸಿದರು. ರೇಸ್ ಟ್ರ್ಯಾಕಿನಲ್ಲಿ ಎಷ್ಟು ಬೇಗ ಓಡುತ್ತದೆ, ಒಣ ರಸ್ತೆಯಲ್ಲಿ ಎಷ್ಟು ಗಟ್ಟಿ ಹಿಡಿಯುತ್ತದೆ, ಎಲ್ಲ ಅದರಲ್ಲಿ ಇತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಇದು ನೀರನ್ನು ಎಷ್ಟು ಬೇಗ ಹೊರಗೆ ಹಾಕುತ್ತದೆ? ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಕರಾವಳಿಗೆ ಗಾಡಿ ತರುವವರು ಮೊದಲು ಕೇಳಬೇಕಾದ್ದು ಇದನ್ನೇ ಎಂದು ನನ್ನ ನಂಬಿಕೆ.

ಒಂದು ಲೆಕ್ಕ ಮಾಡೋಣ. ಈ ಕಾರಿನ ಮುಂದಿನ ಟಯರ್ 235 ಮಿ.ಮೀ. ಅಗಲ. ರಸ್ತೆ ಮೇಲೆ 3 ಮಿ.ಮೀ. ನೀರು ನಿಂತಿದೆ ಅಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಆ ಒಂದು ಟಯರಿನ ದಾರಿಗೆ ಸೆಕೆಂಡಿಗೆ ಹೆಚ್ಚುಕಡಿಮೆ 16 ಲೀಟರ್ ನೀರು ಅಡ್ಡ ಬರುತ್ತದೆ. ಒಂದು ದೊಡ್ಡ ಕೊಡದ ತುಂಬ ನೀರು! ಪ್ರತಿ ಸೆಕೆಂಡೂ ಅದನ್ನು ಪಕ್ಕಕ್ಕೆ ತಳ್ಳಬೇಕು, ಇಲ್ಲವೇ ಗೆರೆಗಳ ಒಳಗೆ ಹರಿಸಿ ಹಿಂದಕ್ಕೆ ಬಿಡಬೇಕು. ಅದಕ್ಕೆ ಸಿಗುವ ಸಮಯ ಎಷ್ಟು? ನೆಲಕ್ಕೆ ಅಂಟಿರುವ ಟಯರಿನ ಭಾಗ ಹೆಚ್ಚೆಂದರೆ ಒಂದು ಅಂಗೈಯಷ್ಟು, ಬೆರಳೂ ಸೇರಿಸಿ. ಅದರ ಉದ್ದ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಆ ವೇಗದಲ್ಲಿ ಅದು ದಾಟಿಹೋಗಲು ಸೆಕೆಂಡನ್ನು ಸಾವಿರ ಪಾಲು ಮಾಡಿ ಅದರಲ್ಲಿ ನಾಲ್ಕೈದು ಪಾಲು ಸಾಕು. ಅಷ್ಟರೊಳಗೆ ನೀರು ಹೋಗದಿದ್ದರೆ ರಬ್ಬರು ನೀರಿನ ಮೇಲೆ ಕೂರುತ್ತದೆ. ಸ್ಟೀರಿಂಗ್, ಬ್ರೇಕ್ ಯಾವುದೂ ಮಾತು ಕೇಳುವುದಿಲ್ಲ.

ಶಿರಸಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಡಿಕೆ ತೋಟದಲ್ಲಿ ಬಸಿಗಾಲುವೆ ಯಾಕೆ ತೆಗೆಯುತ್ತೇವೆ? ಮಳೆಗಾಲದ ಮೊದಲು ಅದರ ಹೂಳು ಎತ್ತದಿದ್ದರೆ ಬುಡದಲ್ಲಿ ನೀರು ನಿಲ್ಲುತ್ತದೆ. ಟಯರಿನ ಗೆರೆಯೂ ಬಸಿಗಾಲುವೆಯೇ. ಹೊಸದರಲ್ಲಿ 7-8 ಮಿ.ಮೀ. ಆಳ ಇರುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಕಾರಿಗೆ 1.6 ಮಿ.ಮೀ. ಕನಿಷ್ಠ, ಗೆರೆಯೊಳಗೆ ಅಷ್ಟೇ ಎತ್ತರದ ಸಣ್ಣ ಉಬ್ಬುಗಳನ್ನು ಗುರುತಿಗೆಂದೇ ಇಟ್ಟಿರುತ್ತಾರೆ. ಆದರೆ ಜರ್ಮನಿಯ ವಾಹನ ಸಂಘ ಎಡಿಎಸಿ 3 ಮಿ.ಮೀ.ಗೇ ಬದಲಿಸಿ ಎನ್ನುತ್ತದೆ. ಅಲ್ಲಿಗಿಂತ ಎಷ್ಟೋ ಪಟ್ಟು ಮಳೆ ಕಾಣುವ ನಮಗೆ 1.6ರ ತನಕ ಕಾಯುವುದು ಸರಿ ಅಲ್ಲ.

ಗಾಳಿಯ ಒತ್ತಡದ್ದು ಇನ್ನೊಂದು ಕಥೆ. ನಾಸಾದ ವಾಲ್ಟರ್ ಹಾರ್ನ್ 1960ರ ದಶಕದಲ್ಲಿ ವಿಮಾನದ ಟಯರ್‌ಗಳ ಮೇಲೆ ಪ್ರಯೋಗ ಮಾಡಿ ಒಂದು ಸರಳ ಸೂತ್ರ ಕೊಟ್ಟರು. ನೀರಿನ ಮೇಲೆ ಟಯರ್ ತೇಲಲು ಶುರುವಾಗುವ ವೇಗ ಅದರೊಳಗಿನ ಒತ್ತಡದ ವರ್ಗಮೂಲಕ್ಕೆ ತಕ್ಕ ಹಾಗೆ ಇರುತ್ತದೆ. ಒತ್ತಡವನ್ನು ಪಿಎಸ್‌ಐನಲ್ಲಿ (ಗಾಳಿ ಹಾಕುವವರು ಹೇಳುವ ಅಳತೆ ಇದೇ) ತೆಗೆದುಕೊಂಡರೆ ಅದರ ವರ್ಗಮೂಲವನ್ನು 16.7ರಿಂದ ಗುಣಿಸಿ, ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ. 36 ಪಿಎಸ್‌ಐಗೆ 100 ಕಿ.ಮೀ., 30ಕ್ಕೆ ಸುಮಾರು 91, 25ಕ್ಕೆ ಸುಮಾರು 83. ಗೆರೆಗಳು ನೀರು ತುಂಬಿ ಸೋತಾಗಿನ ಲೆಕ್ಕ ಇದು, ಹಾಗಾಗಿ ಕಾರಿಗೆ ಅಂದಾಜಿಗೆ ಮಾತ್ರ. ಅಗಲವಾದ ಟಯರ್ ಇದಕ್ಕಿಂತ ಬೇಗ ತೇಲಬಹುದು. ಹೇಗೆ ಅಂದರೆ, ಭಾರ ಮತ್ತು ಒತ್ತಡ ಅಷ್ಟೇ ಇದ್ದರೆ ನೆಲ ಮುಟ್ಟುವ ಜಾಗದ ಅಳತೆ ಬಹಳ ಬದಲಾಗುವುದಿಲ್ಲ. ಟಯರ್ ಅಗಲವಾದಷ್ಟೂ ಆ ಅಂಗೈ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ತಳ್ಳಬೇಕಾದ ನೀರು ಜಾಸ್ತಿ, ಸಮಯ ಕಡಿಮೆ. ಕೇಮನ್‌ನ ಹಿಂದಿನ ಟಯರ್ 265 ಮಿ.ಮೀ. ಅಗಲ, ಮುಂದಿನದಕ್ಕಿಂತ 30 ಮಿ.ಮೀ. ಹೆಚ್ಚು. ಮುಂದಿನ ಚಕ್ರ ಒರೆಸಿಟ್ಟ ದಾರಿಯಲ್ಲಿ ಅದು ಪೂರ್ತಿ ಹಿಡಿಸುವುದಿಲ್ಲ, ಹೆಚ್ಚಿನ ಅಗಲಕ್ಕೆ ಹೊಸ ನೀರು ಸಿಗುತ್ತದೆ. ಭಾವನ ಗಾಡಿಯ ಹಿಂಭಾಗ ಮೊದಲು ಜಾರಿದ್ದು ನನಗೆ ಆಶ್ಚರ್ಯ ಅನಿಸಲಿಲ್ಲ. ಚಂದ ಕಾಣುತ್ತದೆ ಎಂದು ಕಂಪನಿ ಹೇಳಿದ್ದಕ್ಕಿಂತ ಅಗಲದ ಟಯರ್ ಹಾಕಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ರಬ್ಬರು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿ ದಾರಿ ಮಾಡುತ್ತೇವೆ. ಆದರೂ ಸವೆದು ಗಟ್ಟಿಯಾದ ಹವಾಯಿ ಚಪ್ಪಲಿ ಹಾಕಿದವರು ಜಾರುತ್ತಾರೆ, ಮೆತ್ತನೆಯ ಹೊಸ ಚಪ್ಪಲಿಯವರು ಅಷ್ಟಾಗಿ ಜಾರುವುದಿಲ್ಲ. ರಬ್ಬರು ಹಿಡಿಯುವುದು ಎರಡು ರೀತಿಯಲ್ಲಿ. ಒಂದು, ನೆಲಕ್ಕೆ ಅಂಟಿಕೊಂಡು. ಒದ್ದೆ ಆದರೆ ಈ ಅಂಟು ಬಹಳ ಮಟ್ಟಿಗೆ ಹೋಗುತ್ತದೆ. ಎರಡನೆಯದು, ಡಾಂಬರಿನ ಜಲ್ಲಿಕಲ್ಲಿನ ಮೇಲೆ ಅಮುಕಿ, ಅದರ ಆಕಾರಕ್ಕೆ ಬಗ್ಗಿ, ಹಿಂದಕ್ಕೆ ಬರುವಾಗ ಸ್ವಲ್ಪ ತಡಮಾಡಿ. ಆ ತಡದಲ್ಲಿ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಮಳೆಯಲ್ಲಿ ನಮ್ಮನ್ನು ಕಾಯುವುದು ಹೆಚ್ಚಾಗಿ ಈ ಎರಡನೆಯದು.

ಆದರೆ ಅದೇ ನಷ್ಟ ಟಯರ್ ಸುಮ್ನೆ ಉರುಳುವಾಗಲೂ ಆದರೆ ಪೆಟ್ರೋಲ್ ಹಾಳು, ಅಲ್ವಾ? ಇಲ್ಲಿ ಒಂದು ಸೊಗಸಾದ ವಿಷಯ ಇದೆ. 80 ಕಿ.ಮೀ. ವೇಗದಲ್ಲಿ ಈ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ಹಾಕುತ್ತದೆ. ಅಂದರೆ ಉರುಳುವಾಗ ರಬ್ಬರು ಬಗ್ಗುವುದು ಸೆಕೆಂಡಿಗೆ 10 ಸಲ. ಜಾರುವಾಗ ಸಣ್ಣ ಸಣ್ಣ ಕಲ್ಲಿನ ಮೊನೆಗಳ ಮೇಲೆ ಅದು ಸಾವಿರಾರು, ಲಕ್ಷಾಂತರ ಸಲ ಕಂಪಿಸುತ್ತದೆ. ನಿಧಾನದ ಬಗ್ಗುವಿಕೆಯಲ್ಲಿ ಕಡಿಮೆ ನಷ್ಟ, ವೇಗದ ಕಂಪನದಲ್ಲಿ ಜಾಸ್ತಿ ನಷ್ಟ ಆಗುವ ರಬ್ಬರು ಸಿಕ್ಕರೆ ಎರಡೂ ಕೆಲಸ ಆಗುತ್ತದೆ. ಮರಳಿನ ಮೂಲದ್ದೇ ಆದ ಸಿಲಿಕಾ ಪುಡಿ ಸೇರಿಸಿ ಇದನ್ನು ಸಾಧಿಸಿದರು. ಸಿಲಿಕಾ ರಬ್ಬರಿನ ಜೊತೆ ಸುಲಭವಾಗಿ ಬೆರೆಯುವುದಿಲ್ಲ, ನಡುವೆ ಸೇತುವೆಯಂತೆ ಸಿಲೇನ್ ಎಂಬ ರಾಸಾಯನಿಕ ಬೇಕು. ಮಿಶೆಲಿನ್ 1992ರಲ್ಲಿ ಇಂಥ ಟಯರ್ ಮಾರುಕಟ್ಟೆಗೆ ತಂದಿತು. ಈಗ ಒಳ್ಳೆಯ ಸ್ಪೋರ್ಟ್ಸ್ ಟಯರ್ ಯಾವುದೇ ಇರಲಿ, ಅದರಲ್ಲಿ ಸಿಲಿಕಾ ಇದ್ದೇ ಇರುತ್ತದೆ.

ಹೆಸರು ನೋಡಿ ಹೆದರುವವರಿದ್ದಾರೆ. "ಸಮ್ಮರ್ ಟಯರ್ ಅಂತೆ, ಮಳೆಗೆ ಆಗ್ತದಾ?" ಎಂದು ಭಾವನೂ ಕೇಳಿದರು. ಆಗುತ್ತದೆ. ಆ ಬೇಸಿಗೆ ಯುರೋಪಿನ ಬೇಸಿಗೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಆ ರಬ್ಬರು ಬಿರುಸಾಗುತ್ತದೆ ಎಂಬುದಷ್ಟೇ ಅದರ ಅರ್ಥ. ಕಾರವಾರದಲ್ಲಿ ಅಂಥ ಚಳಿ ಎಲ್ಲಿದೆ? ನಮಗೆ ಬೇಡವಾದದ್ದು ಟ್ರ್ಯಾಕಿಗೆಂದು ಮಾಡಿದ ಅರೆನುಣುಪಿನ ಟಯರ್. ಅದರಲ್ಲಿ ಗೆರೆಗಳೇ ಕಡಿಮೆ. ಅಮೆರಿಕದ ನಿಯಮದಂತೆ ಟಯರಿನ ಮೇಲೆ ಅಚ್ಚಾಗಿರುವ ಟ್ರೆಡ್‌ವೇರ್ ಅಂಕಿ (ಕಡಿಮೆ ಇದ್ದಷ್ಟೂ ಬೇಗ ಸವೆಯುತ್ತದೆ) ಇಲ್ಲಿ ಸುಳಿವು ಕೊಡುತ್ತದೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಅದೇ ಕಂಪನಿಯ ಟ್ರ್ಯಾಕ್ ಟಯರ್ ಕಪ್ 2ಗೆ 180. ಕಂಪನಿಗಳೇ ಕೊಟ್ಟುಕೊಳ್ಳುವ ಅಂಕಿ ಇದು, ಹಾಗಾಗಿ ಒಂದೇ ಕಂಪನಿಯ ಟಯರ್‌ಗಳನ್ನು ಹೋಲಿಸಲು ಮಾತ್ರ ಬಳಸಿ. ಯುರೋಪಿನ ಲೇಬಲ್ಲಿನಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಎ ಯಿಂದ ಇ ತನಕ ದರ್ಜೆ ಇರುತ್ತದೆ. ಎ ಸಿಕ್ಕಿದ್ದನ್ನೇ ಹುಡುಕಿ. ಆದರೆ ಆ ಪರೀಕ್ಷೆ ಮಾಡುವುದು ಹೊಸ ಟಯರಿನಲ್ಲಿ, ಒಂದು ಮಿ.ಮೀ. ಆಸುಪಾಸಿನ ತೆಳ್ಳಗಿನ ನೀರಿನಲ್ಲಿ. ನಿಂತ ನೀರಿನಲ್ಲಿ ತೇಲುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಅದಕ್ಕೆ ಉದ್ದಕ್ಕೆ ಹರಿಯುವ ಅಗಲವಾದ ಗೆರೆಗಳು ಎಷ್ಟಿವೆ ಎಂದು ಕಣ್ಣಾರೆ ನೋಡಬೇಕು.

ಪಕ್ಕದಲ್ಲಿ ಬರೆದಿರುವುದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. 265/40 ಝಡ್‌ಆರ್ 19 ಎಂದರೆ ಅಗಲ 265 ಮಿ.ಮೀ., ಪಕ್ಕದ ಎತ್ತರ ಅದರ ಶೇ. 40, ಝಡ್‌ಆರ್ ಅಂದರೆ ಹೆಚ್ಚು ವೇಗಕ್ಕೆ ಮಾಡಿದ ರೇಡಿಯಲ್ ಟಯರ್, ರಿಮ್ಮಿನ ಅಳತೆ 19 ಇಂಚು. ಮುಂದೆ 98ವೈ ಎಂದಿದ್ದರೆ ಒಂದು ಟಯರ್ 750 ಕೆ.ಜಿ. ಹೊರುತ್ತದೆ, 300 ಕಿ.ಮೀ. ವೇಗ ತಡೆಯುತ್ತದೆ. ಅಷ್ಟು ವೇಗ ನಮಗೆಲ್ಲಿ ಬೇಕು ಎಂದು ಕಡಿಮೆ ದರ್ಜೆಯದ್ದು ಹಾಕಬೇಡಿ, ಬಿಸಿ ತಾಳುವ ಶಕ್ತಿಯೂ ಅದರ ಜೊತೆಗೇ ಕಡಿಮೆಯಾಗುತ್ತದೆ. ಎನ್0, ಎನ್1 ಎಂಬ ಗುರುತು ಇದ್ದರೆ ಪೋರ್ಶೆ ಒಪ್ಪಿದ ಟಯರ್. ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ. ಹೆಸರು ಒಂದೇ ಆದರೂ ಗುರುತು ಬೇರೆಯಾದರೆ ಒಳಗಿನ ಕಟ್ಟು, ರಬ್ಬರು ಬೇರೆ ಇರಬಹುದು. ಬೆರಕೆ ಮಾಡಬಾರದು.

ನಾನು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಕೊನೆಯ ನಾಲ್ಕು ಅಂಕಿಗಳ ಬಗ್ಗೆ. ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ತುದಿಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾಗಿದ್ದು. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಆಮ್ಲಜನಕ, ಓಝೋನ್ ಅದನ್ನು ಗಟ್ಟಿ ಮಾಡುತ್ತವೆ. ಟಯರಿನಲ್ಲಿ ಸೇರಿಸಿದ ಮೇಣ ಮೇಲೆ ಬಂದು ಕಾಪಾಡುತ್ತದೆ, ಆದರೆ ಓಡಾಡಿ ಬಗ್ಗಿದರೆ ಮಾತ್ರ ಅದು ಚೆನ್ನಾಗಿ ಮೇಲೆ ಬರುವುದು. ಇಂಥ ಕಾರುಗಳು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಇರುತ್ತವೆ, ಗೆರೆ ಆಳ ಇದ್ದರೂ ರಬ್ಬರು ಸತ್ತಿರುತ್ತದೆ. ಹಾಲಿವುಡ್ ನಟ ಪಾಲ್ ವಾಕರ್ 2013ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರಲ್ಲ, ಅವರು ಕೂತಿದ್ದ ಪೋರ್ಶೆ ಕರೇರಾ ಜಿಟಿಯ ಟಯರ್‌ಗಳು 9 ವರ್ಷ ಹಳೆಯವು. ತನಿಖೆಯವರು ಮುಖ್ಯ ಕಾರಣ ಅತಿವೇಗ ಎಂದೇ ಹೇಳಿದರು, ಜೊತೆಗೆ ಟಯರಿನ ವಯಸ್ಸನ್ನೂ ದಾಖಲಿಸಿದರು. ನಮ್ಮಲ್ಲಿ ಈ ಚಿಂತೆ ಇನ್ನೂ ಜಾಸ್ತಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರ್‌ಗಳ ಆಮದಿಗೆ ಪರವಾನಗಿ ಬೇಕೆಂದು ನಿರ್ಬಂಧ ಹಾಕಿತು. ಅಪರೂಪದ ಅಳತೆಗಳು ಬೇಕೆಂದಾಗ ಸಿಗುವುದಿಲ್ಲ. ಎಲ್ಲೋ ಉಳಿದ ಹಳೆಯ ಮಾಲು ಹೊಸದರ ಬೆಲೆಗೆ ಎದುರು ಬರುತ್ತದೆ.

ಹೊಂಡದ ವಿಷಯ ಒಂದು ಮಾತು. ಈ ಟಯರಿನ ಪಕ್ಕದ ಎತ್ತರ ಬರೀ 9-10 ಸೆಂಟಿಮೀಟರ್. ಹೊಂಡಕ್ಕೆ ಬಿದ್ದಾಗ ರಿಮ್ಮು ಮತ್ತು ಕಲ್ಲಿನ ನಡುವೆ ಸಿಕ್ಕಿ ಒಳಗಿನ ನೂಲು ತುಂಡಾಗುತ್ತದೆ. ಆಮೇಲೆ ಅಲ್ಲಿ ಗಾಳಿ ತಳ್ಳಿ ಬುಗುಟು ಏಳುತ್ತದೆ. ಅದಕ್ಕೆ ಪ್ಯಾಚ್ ಇಲ್ಲ. ಕೇಮನ್‌ನಲ್ಲಿ ಸ್ಟೆಪ್ನಿಯೂ ಇಲ್ಲ, ತೂತು ಮುಚ್ಚುವ ದ್ರವ ಮತ್ತು ಸಣ್ಣ ಪಂಪು ಕೊಟ್ಟಿರುತ್ತಾರೆ, ಪಕ್ಕ ಹರಿದರೆ ಅದು ಕೆಲಸಕ್ಕೆ ಬಾರದು. ಅಣಶಿ ಘಟ್ಟದಲ್ಲಿ ರಾತ್ರಿ ಹಾಗಾದರೆ ಕಷ್ಟ.

ಈ ಸಲ ಚೌತಿಗೆ ಹದಿನೈದು ದಿನ ಇರುವಾಗ ಭಾವ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಫೋನ್ ಮಾಡಿದರು. ಮಳೆಗೆ ಹೇಳಿಮಾಡಿಸಿದಂಥ, ಅಳತೆ ಸರಿಯಿದ್ದ, ಎನ್ ಗುರುತಿನ ನಾಲ್ಕು ಟಯರ್ ಬಂದಿದ್ದವು. ನಾಲ್ಕು ಅಂಕಿ ಓದಿ ಎಂದೆ. ಮೂರು ಹೊಸವು. ಹಿಂದಿನ ಜೋಡಿಯ ಒಂದರ ಮೇಲೆ ಮಾತ್ರ 3819. "ಏನ್ ಮಾಡ್ಲಿ ಮಾರಾಯ?" ಎಂದರು. ಹಾಕಿಸಬೇಡಿ, ಬೇರೆ ತರಿಸಲು ಹೇಳಿ, ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಹೊಸ ರಬ್ಬರಿನ ಮೇಲಿನ ಅಚ್ಚಿನ ಜಿಡ್ಡು ಹೋಗುವ ತನಕ, ಒಂದು 200-300 ಕಿ.ಮೀ., ಘಟ್ಟ ಇಳಿಯಬೇಡಿ ಎಂದೆ. ಇನ್ನೊಂದು ಟಯರ್ ಬರಲು ಮೂರು ವಾರ ಎಂದರಂತೆ ಅಂಗಡಿಯವರು. ಭಾವ ಗಾಡಿಯನ್ನು ಅಲ್ಲೇ ಬಿಟ್ಟು ಚೌತಿಗೆ ಬಸ್ಸಿನಲ್ಲಿ ಬಂದರು.