ನಡುವೆ ಬಾಯಿ ಹಾಕುವ ಸಾಫ್ಟ್‌ವೇರ್

ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಹತ್ತಿ ಸುಗ್ಗಿ ಶುರುವಾಯಿತೆಂದರೆ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಎಡಗೈಯಲ್ಲಿ ತೂಕದ ಚೀಟಿಗಳ ಕಟ್ಟು, ಬಲಗೈ ಕೀಬೋರ್ಡಿನ ಬಲಬದಿಯ ಅಂಕಿಗಳ ಮೇಲೆ. ಕಣ್ಣು ಚೀಟಿಯ ಮೇಲಿರುತ್ತದೆ, ಪರದೆಯ ಮೇಲಲ್ಲ. ತೂಕ, ಎಂಟರ್. ದರ, ಎಂಟರ್. ಹಮಾಲಿ, ಎಂಟರ್. ಒಬ್ಬ ರೈತನ ಪಟ್ಟಿ ಪ್ರಿಂಟರಿನಿಂದ ಕಿರ್ರೆಂದು ಹೊರಬರುವಷ್ಟರಲ್ಲಿ ಮುಂದಿನವನ ಲೆಕ್ಕ ಅರ್ಧ ಆಗಿರುತ್ತದೆ. ಆ ಬೆರಳುಗಳ ಓಟ ನೋಡುವುದೇ ಒಂದು ಸೊಗಸು.

ಇಂಥ ಅಂಗಡಿಗಳಿಗೆ, ಜೊತೆಗೆ ಮಾನ್ವಿ, ಸಿಂಧನೂರು ಕಡೆಯ ಕೆಲವು ಅಕ್ಕಿ ಮಿಲ್ಲುಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುವುದು ನನ್ನ ಕಸುಬು. ಕೆಲವು ವರ್ಷಗಳ ಹಿಂದೆ ಡಿಸೆಂಬರಿನ ಒಂದು ಮಧ್ಯಾಹ್ನ ಒಂದು ಅಂಗಡಿಯಿಂದ ಫೋನ್ ಬಂತು.

"ಸರ, ನಿಮ್ ಸಾಫ್ಟ್‌ವೇರ್ ತಾನ ಬಂದ್ ಆಗಿ ಏನೋ ಹಾಕ್ಕೊಳಾಕತ್ತೈತ್ರಿ. ಇಲ್ಲಿ ರೈತ್ರು ಸಾಲಾಗಿ ನಿಂತಾರ."

"ನೀವು ಅಪ್‌ಡೇಟ್‌ಗೆ ಹೌದು ಅಂತ ಒತ್ತಿರಬೇಕು ನೋಡ್ರಿ."

"ನಾ ಏನೂ ಒತ್ತಿಲ್ರಿ ಸರ. ಆಣಿ ಮಾಡಿ ಹೇಳ್ತೀನಿ."

ನಾನು ನಂಬಲಿಲ್ಲ. ಎಲ್ಲರೂ ಹೀಗೇ ಹೇಳುತ್ತಾರೆ ಎಂದುಕೊಂಡೆ. ಸಂಜೆ ಅಂಗಡಿಗೆ ಹೋಗಿ ಪ್ರೋಗ್ರಾಂ ಬರೆದಿಟ್ಟಿದ್ದ ಲಾಗ್, ಅಂದರೆ ಅದರ ದಿನಚರಿ, ತೆಗೆದು ನೋಡಿದೆ. "ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಲೇ?" ಎಂಬ ಪೆಟ್ಟಿಗೆ ಪರದೆಗೆ ಬಂದ ಸಮಯ ಅಲ್ಲಿತ್ತು. ಅದಕ್ಕೆ "ಹೌದು" ಎಂಬ ಉತ್ತರ ಸಿಕ್ಕ ಸಮಯವೂ ಇತ್ತು. ಎರಡರ ನಡುವೆ ಅರ್ಧ ಸೆಕೆಂಡೂ ಇರಲಿಲ್ಲ. ಅಷ್ಟರಲ್ಲಿ ಆ ಸಾಲನ್ನು ಓದುವ ಮನುಷ್ಯ ಇನ್ನೂ ಹುಟ್ಟಿಲ್ಲ. ಮುನೀಮರು ಹಮಾಲಿಯ ಅಂಕಿ ಬರೆದು ಒತ್ತಿದ ಎಂಟರ್ ನನ್ನ ಪೆಟ್ಟಿಗೆಯ "ಹೌದು" ಬಟನ್ ಮೇಲೆ ಬಿದ್ದಿತ್ತು. ಅವರ ಮಟ್ಟಿಗೆ ಅವರು ಒತ್ತಿದ್ದು ಹಮಾಲಿಯ ಎಂಟರ್. ಅವರು ಹೇಳಿದ್ದು ನೂರಕ್ಕೆ ನೂರು ನಿಜ, ಸುಳ್ಳು ಸಾಕ್ಷಿ ಸೃಷ್ಟಿಸಿದ್ದು ನನ್ನ ಪ್ರೋಗ್ರಾಂ.

ಬಳಸುವವರು "ನಾನು ಏನೂ ಮಾಡಿಲ್ಲ" ಎಂದರೆ ಅಂದಿನಿಂದ ನಾನು ಮೊದಲು ನನ್ನ ಕೋಡ್ ನೋಡಿಕೊಳ್ಳುತ್ತೇನೆ.

ಈ ಕಾಯಿಲೆ ಹೊಸದಲ್ಲ. ಕೀಬೋರ್ಡ್ ಒಂದೇ, ಪರದೆಯ ಮೇಲಿನ ಕಿಟಕಿಗಳು ಹತ್ತು. ಒತ್ತಿದ ಕೀಲಿ ಯಾವ ಕಿಟಕಿಗೆ ಸೇರಬೇಕು ಎಂಬುದನ್ನು ಕಂಪ್ಯೂಟರ್ ಭಾಷೆಯಲ್ಲಿ ಫೋಕಸ್ ಎನ್ನುತ್ತಾರೆ. ವಿಂಡೋಸ್ 95ರ ಕಾಲದಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಯಾವಾಗ ಬೇಕಾದರೂ ಮುಂದೆ ನುಗ್ಗಿ ಫೋಕಸ್ ಕಿತ್ತುಕೊಳ್ಳಬಹುದಿತ್ತು. ಪತ್ರ ಬರೆಯುತ್ತ ಕೂತವರ ಅರ್ಧ ವಾಕ್ಯ ಇನ್ಯಾವುದೋ ಕಿಟಕಿಯೊಳಗೆ ಹೋಗಿ ಬೀಳುತ್ತಿತ್ತು. ವಿಂಡೋಸ್ 98 ಮತ್ತು 2000ದಿಂದ ಅದಕ್ಕೊಂದು ಬೇಲಿ ಬಂತು. ನೀವು ಒಂದು ಕಿಟಕಿಯಲ್ಲಿ ಟೈಪ್ ಮಾಡುತ್ತಿದ್ದೀರಿ ಎಂದರೆ ಹಿಂದಿನ ಪ್ರೋಗ್ರಾಂ ಮುಂದೆ ಬರಲು ಕೇಳಿದರೂ ವಿಂಡೋಸ್ ಬಿಡುವುದಿಲ್ಲ, ಕೆಳಗಿನ ಟಾಸ್ಕ್‌ಬಾರಿನಲ್ಲಿ ಅದರ ಗುಂಡಿಯನ್ನು ಮಿಣುಕಿಸಿ ಸುಮ್ಮನಾಗುತ್ತದೆ. ಕೊನೆಯ ಕೀಲಿ ಒತ್ತಿದ ಮೇಲೆ ಎಷ್ಟು ಹೊತ್ತು ಈ ಬೇಲಿ ನಿಲ್ಲಬೇಕು ಎಂಬುದಕ್ಕೂ ಒಂದು ಸೆಟ್ಟಿಂಗ್ ಉಂಟು. ತಾನಾಗಿ ಇರುವ ಲೆಕ್ಕ 2,00,000 ಮಿಲಿಸೆಕೆಂಡ್, ಅಂದರೆ ಮೂರು ನಿಮಿಷದ ಮೇಲೆ ಇಪ್ಪತ್ತು ಸೆಕೆಂಡ್.

ಆದರೆ ಅದು ಹೊರಗಿನವರಿಗೆ ಹಾಕಿದ ಬೇಲಿ. ನನ್ನ ಪ್ರೋಗ್ರಾಂ ಆಗಲೇ ಮುನೀಮರ ಮುಂದೆ ತೆರೆದುಕೊಂಡಿತ್ತು. ತನ್ನದೇ ಕೆಲಸದ ನಡುವೆ ತಾನೇ ಪೆಟ್ಟಿಗೆ ಎಸೆದರೆ ತಡೆಯುವವರು ಯಾರು? ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಹೆಚ್ಚುವರಿ ಸೌಲಭ್ಯ ಕೊಡುವ ಎಕ್ಸ್‌ಟೆನ್ಷನ್ ಹಾಕಲು ಹೊರಟವರು ಗಮನಿಸಿರಬಹುದು: ಒಪ್ಪಿಗೆ ಕೇಳುವ ಪೆಟ್ಟಿಗೆಯ ಬಟನ್ ಮೊದಲ ಕ್ಷಣ ಮಂಕಾಗಿರುತ್ತದೆ, ಒತ್ತಿದರೂ ಕೇಳುವುದಿಲ್ಲ. ಹಳೆಯ ಆವೃತ್ತಿಗಳಲ್ಲಂತೂ ಮೂರು, ಎರಡು, ಒಂದು ಎಂದು ಎಣಿಸುತ್ತಿತ್ತು. ಜನ ಓದಲಿ ಎಂದು ಹಾಗೆ ಮಾಡಿದ್ದಾರೆಂದು ನಾನು ಬಹಳ ದಿನ ತಿಳಿದಿದ್ದೆ. ಕಾರಣ ಬೇರೆ. ಏನನ್ನೋ ಟೈಪ್ ಮಾಡುವಂತೆ ಅಥವಾ ಕ್ಲಿಕ್ ಮಾಡುವಂತೆ ಪುಸಲಾಯಿಸಿ, ಸರಿಯಾದ ಗಳಿಗೆಗೆ ಪೆಟ್ಟಿಗೆ ತಂದು ನಿಲ್ಲಿಸಿದರೆ ಆ ಒತ್ತು ಒಪ್ಪಿಗೆಯ ಮೇಲೆ ಬೀಳುತ್ತದೆ ಎಂಬ ಕಳ್ಳದಾರಿಯನ್ನು ಮುಚ್ಚಲು. ಕಳ್ಳರು ಬೇಕೆಂದೇ ಮಾಡುವುದನ್ನು ನಾನು ತಿಳಿಯದೆ ಮಾಡಿದ್ದೆ, ಅಷ್ಟೇ ವ್ಯತ್ಯಾಸ.

ಆ ವಾರವೇ ಮೂರು ಬದಲಾವಣೆ ಮಾಡಿದೆ. ಅಪ್‌ಡೇಟ್ ಪೆಟ್ಟಿಗೆಯನ್ನೇ ಕಿತ್ತು ಹಾಕಿ, ಪರದೆಯ ತುದಿಯಲ್ಲಿ ಫೋಕಸ್ ಮುಟ್ಟದ ಒಂದು ತೆಳು ಪಟ್ಟೆಯಲ್ಲಿ ಆ ಸುದ್ದಿ ಬರೆದೆ. ಕೇಳಲೇಬೇಕಾದ ಪ್ರಶ್ನೆ ಇದ್ದರೆ ಅದರ ಪೆಟ್ಟಿಗೆ ಮೊದಲ ಒಂದು ಸೆಕೆಂಡ್ ಯಾವ ಕೀಲಿಗೂ ಕಿವಿಗೊಡದಂತೆ ಮಾಡಿದೆ. ಎಂಟರ್‌ಗೆ ಕಟ್ಟಿದ ಉತ್ತರ ಯಾವಾಗಲೂ ಏನನ್ನೂ ಕೆಡಿಸದ ಉತ್ತರವೇ ಆಗಿರಬೇಕು ಎಂದು ನಿಗದಿ ಮಾಡಿದೆ. ಕೋಡ್ ಲೆಕ್ಕದಲ್ಲಿ ಒಂದು ದಿನದ ಕೆಲಸ. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದರೆ, ನಾನು ನನ್ನ ಪ್ರೋಗ್ರಾಂ ಪರೀಕ್ಷಿಸುವಾಗ ಪರದೆ ನೋಡಿಕೊಂಡೇ ಟೈಪ್ ಮಾಡುತ್ತಿದ್ದೆ. ಮುನೀಮರ ಹಾಗೆ ಚೀಟಿ ಹಿಡಿದು ಒಂದು ದಿನವೂ ಕೂತಿರಲಿಲ್ಲ.

ಎರಡನೆಯ ತಪ್ಪು ಇನ್ನೂ ನಾಚಿಕೆಯದು. ಎಕ್ಸೆಲ್ ತೆರೆದಿರಲಿ, ಬ್ರೌಸರ್ ತೆರೆದಿರಲಿ, ಒಂದು ಫಂಕ್ಷನ್ ಕೀಲಿ ಒತ್ತಿದರೆ ನನ್ನ ಪ್ರೋಗ್ರಾಮಿನ ದರದ ಕಿಟಕಿ ತೆರೆದುಕೊಳ್ಳಲಿ ಎಂದು ಸೌಲಭ್ಯ ಕೊಟ್ಟಿದ್ದೆ. ಮಾಲೀಕರಿಗೆ ತೋರಿಸಿದಾಗ ಬಹಳ ಖುಷಿಪಟ್ಟರು. ವಿಂಡೋಸ್‌ನಲ್ಲಿ ಇಂಥ ಸರ್ವವ್ಯಾಪಿ ಕೀಲಿಯನ್ನು ಮೊದಲು ಯಾರು ಬರೆಸಿಕೊಂಡರೋ ಅವರದೇ, ಎರಡನೆಯವರು ಕೇಳಿದರೆ ಸಿಗುವುದಿಲ್ಲ. ಕಂಪ್ಯೂಟರ್ ಆನ್ ಆದ ಕೂಡಲೇ ಏಳುವಂತೆ ನನ್ನ ಪ್ರೋಗ್ರಾಮನ್ನು ನಾನೇ ಸೇರಿಸಿಟ್ಟಿದ್ದೆ. ಆ ಅಂಗಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ತಿರುಗಿಸಲು ಟೈಪಿಂಗ್ ಪ್ರೋಗ್ರಾಂ ಬಳಸುತ್ತಿದ್ದ ಕೀಲಿಯೂ ಅದೇ. ನನ್ನದು ಮೊದಲು ಎದ್ದು ಕೀಲಿ ಹಿಡಿದುಕೊಂಡಿತು, ಟೈಪಿಂಗ್ ಪ್ರೋಗ್ರಾಂ ಮೂಲೆಯಲ್ಲಿ ಮೂಕವಾಗಿ ಕೂತಿತು. ಯಾವ ದೋಷ ಸಂದೇಶವೂ ಬರಲಿಲ್ಲ. "ಕನ್ನಡ ಕೆಟ್ಟು ಹೋಗೈತಿ" ಎಂದುಕೊಂಡು ಮುನೀಮರು ಎರಡು ತಿಂಗಳು ರೈತರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರು. ಹನುಮಂತಪ್ಪ ಮೂರು ಬಗೆಯ ಸ್ಪೆಲ್ಲಿಂಗಿನಲ್ಲಿ ಮೂರು ಖಾತೆಯಾದ. ಆ ಖಾತೆಗಳನ್ನು ಒಂದುಗೂಡಿಸಲು ನಾನು ನಾಲ್ಕು ರಾತ್ರಿ ಕೂತೆ, ಹಣ ಕೇಳುವ ಮುಖ ಇರಲಿಲ್ಲ.

ಹೇಳಬೇಕೆಂದರೆ ನಮ್ಮ ಕನ್ನಡ ಟೈಪಿಂಗ್ ಪ್ರೋಗ್ರಾಮುಗಳು ಈ ವಿಷಯದಲ್ಲಿ ನನಗಿಂತ ಸಭ್ಯವಾದವು. ಗಡಿಯಾರದ ಪಕ್ಕ ಒಂದು ಚಿಕ್ಕ ಚಿಹ್ನೆ, ತಿರುಗಿಸಲು ಒಂದು ಕೀಲಿ, ಮಿಕ್ಕಂತೆ ಇದೆಯೋ ಇಲ್ಲವೋ ತಿಳಿಯದು. ಗಡಿಯಾರದ ಪಕ್ಕದ ಆ ಜಾಗ ವಿಂಡೋಸ್ 95ರಲ್ಲಿ ಬಂದಾಗ ಇಂಥ ಸ್ಥಿತಿ ತೋರಿಸಲೆಂದೇ ಇತ್ತು. ಕ್ರಮೇಣ ಪ್ರಿಂಟರಿನವರು, ಆಂಟಿವೈರಸ್ಸಿನವರು, ನನ್ನಂಥವರು ಎಲ್ಲರೂ ಒಂದೊಂದು ಬೋರ್ಡು ನೆಟ್ಟೆವು. ಜಾತ್ರೆಯ ಹಾಗಾಯಿತು. 2009ರ ವಿಂಡೋಸ್ 7 ಹೊಸ ಚಿಹ್ನೆಗಳನ್ನೆಲ್ಲ ಒಂದು ಬಾಣದ ಹಿಂದೆ ಅಡಗಿಸತೊಡಗಿತು. 2012ರ ವಿಂಡೋಸ್ 8ರಲ್ಲಿ ಟಾಸ್ಕ್ ಮ್ಯಾನೇಜರಿಗೇ ಸ್ಟಾರ್ಟ್‌ಅಪ್ ಎಂಬ ಹಾಳೆ ಬಂತು, ಆನ್ ಆದಾಗ ಯಾರು ಯಾರು ಏಳುತ್ತಾರೆ ನೋಡಿ ಬೇಡದವರನ್ನು ಅಲ್ಲೇ ನಿಲ್ಲಿಸಬಹುದು. ನಾಲ್ಕು ಜಿಬಿ ರ‍್ಯಾಮಿನ ಹಳೆಯ ಯಂತ್ರ ನಿಧಾನ ಎಂದು ಯಾರಾದರೂ ಕರೆದರೆ ನಾನು ಮೊದಲು ತೆರೆಯುವುದು ಇದೇ ಹಾಳೆ. ಒಮ್ಮೆ ಒಂದು ಅಂಗಡಿಯಲ್ಲಿ ಆ ಪಟ್ಟಿಯಲ್ಲಿ ನನ್ನ ಪ್ರೋಗ್ರಾಮಿನ ಹೆಸರು ಮೇಲ್ಗಡೆಯೇ ಇತ್ತು. ಮಾಲೀಕರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಈಗ ಅದು ಕರೆದಾಗ ಮಾತ್ರ ಏಳುತ್ತದೆ.

ಮೂಲೆಯ ಕತ್ತರಿ ಗುರುತು, ಅಂದರೆ ಮುಚ್ಚುವ ಗುಂಡಿ, ಅದರ ಅರ್ಥ ಬದಲಿಸಬಾರದು ಎಂಬುದು ನನ್ನ ಹಠ. ಮುಚ್ಚಿದ ಮೇಲೂ ಒಳಗೊಳಗೇ ಓಡುತ್ತಿರುವ ಪ್ರೋಗ್ರಾಮುಗಳು ನನಗೆ ಆಗಿಬರುವುದಿಲ್ಲ. 2016ರಲ್ಲಿ ವಿಂಡೋಸ್ 10ಕ್ಕೆ ಏರಿಸುವ ಸೂಚನೆಯ ಕಿಟಕಿಯನ್ನು ಆ ಗುರುತು ಒತ್ತಿ ಮುಚ್ಚಿದರೂ, ಗೊತ್ತುಪಡಿಸಿದ ದಿನಕ್ಕೆ ಏರಿಕೆ ಆಗಿಯೇ ತೀರುವಂತೆ ಮೈಕ್ರೋಸಾಫ್ಟ್ ಮಾಡಿತ್ತು. ಬಾಗಿಲು ಹಾಕಿದ್ದನ್ನು ಒಪ್ಪಿಗೆ ಎಂದು ಓದಿದ ಹಾಗೆ. ಜನ ಸಿಟ್ಟಾದ ಮೇಲೆ ಅದೇ ವರ್ಷ ತಿದ್ದಿಕೊಂಡರು. ಹಾಗೆ ಏರಿಕೆಯಾದ ಅಂಗಡಿಗಳಿಂದ ಆಗ ನನಗೆ ಬಂದ ಫೋನ್ ಕರೆಗಳಲ್ಲಿ ಹೆಚ್ಚಿನವು "ಪ್ರಿಂಟರ್ ಸಿಗವಲ್ದು" ಎಂದೇ ಶುರುವಾಗುತ್ತಿದ್ದವು.

ನಮ್ಮ ದೇಶದಲ್ಲಿ ಈಗ ಇದಕ್ಕೊಂದು ಬರಹದ ಆಧಾರವೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಬಳಸುವವರನ್ನು ಯಾಮಾರಿಸುವ ವಿನ್ಯಾಸಗಳನ್ನು, ಹೆಸರಿಸಿದೆ. ಬೇಡವೆಂದರೂ ಮತ್ತೆ ಮತ್ತೆ ಕೇಳಿ ಕಾಡುವುದೂ ಅದರಲ್ಲೊಂದು. ಆನ್‌ಲೈನ್ ಮಾರಾಟದವರನ್ನು ಮನಸ್ಸಿನಲ್ಲಿಟ್ಟು ಬರೆದ ಪಟ್ಟಿಯಾದರೂ ನಮ್ಮಂಥ ಸಣ್ಣವರು ಅದನ್ನು ಒಮ್ಮೆ ಓದಿಕೊಳ್ಳಬೇಕು. ಓದುವಾಗ ಒಂದೆರಡು ಕಡೆ ಮೈ ಚುರ್ ಎನ್ನುತ್ತದೆ.

ಡೇಟಾ ಖರ್ಚು ಯಾರದು ಎಂಬುದೂ ನಗರದ ಕಚೇರಿಯಲ್ಲಿ ಕೂತವರಿಗೆ ಹೊಳೆಯದ ಮಾತು. ಗಂಜ್‌ನ ಎಷ್ಟೋ ಅಂಗಡಿಗಳಲ್ಲಿ ಇಂಟರ್‌ನೆಟ್ ಎಂದರೆ ಮುನೀಮರ ಸ್ವಂತ ಮೊಬೈಲಿನ ಹಾಟ್‌ಸ್ಪಾಟ್. ಹಿಂದಿನಿಂದ ಯಾವುದೋ ಪ್ರೋಗ್ರಾಂ ಡೇಟಾ ಎಲ್ಲ ಎಳೆದುಕೊಂಡರೆ ಅವರ ಆ ದಿನದ ಪ್ಯಾಕ್ ಅಲ್ಲಿಗೇ ಮುಗಿಯಿತು, ಸಂಜೆ ಮನೆಗೆ ವಿಡಿಯೋ ಕಾಲ್ ಇಲ್ಲ. ಈ ಸಂಪರ್ಕ ಮೀಟರ್ ಲೆಕ್ಕದ್ದೇ ಎಂದು ವಿಂಡೋಸನ್ನು ಕೇಳಿದರೆ ಅದು ಹೇಳುತ್ತದೆ. ಕೇಳುವ ಸೌಜನ್ಯ ಇರಬೇಕು. ನಾನು ಹಾಟ್‌ಸ್ಪಾಟ್ ಮೇಲೆ ಏನನ್ನೂ ಇಳಿಸುವುದಿಲ್ಲ. ಪೆನ್‌ಡ್ರೈವ್ ಹಿಡಿದು ನಾನೇ ಹೋಗುತ್ತೇನೆ.

ಹಾಗಾದರೆ ಪ್ರೋಗ್ರಾಂ ಬಾಯಿಯೇ ತೆರೆಯಬಾರದೇ? ತೆರೆಯಬೇಕು. ಆದರೆ ತಾನೇ ನಿಭಾಯಿಸಬಹುದಾದದ್ದನ್ನು ಕೇಳಬಾರದು. "ಸೇವ್ ಮಾಡಲೇ?" ಎಂಬ ಪ್ರಶ್ನೆ ನನ್ನಲ್ಲಿ ಇಲ್ಲ, ಪ್ರತಿ ಎಂಟರ್‌ಗೂ ಆ ಸಾಲು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಕಡತಕ್ಕೆ ಹೋಗಿ ಕೂತಿರುತ್ತದೆ. ಬರೆಯುವ ನಡುವೆ ಕರೆಂಟ್ ಹೋದರೆ ಮುಂದಿನ ಸಲ ತೆರೆದಾಗ ಅರ್ಧ ಬರೆದದ್ದನ್ನು ಅದು ತಾನೇ ಅಳಿಸಿ ಹಿಂದಿನ ಸರಿಯಾದ ಸ್ಥಿತಿಗೆ ಮರಳುತ್ತದೆ. (ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟಿನ ಸ್ಥಾವರ ಇಟ್ಟುಕೊಂಡೂ ನಾವು ಕರೆಂಟ್ ಹೋಗುವ ಲೆಕ್ಕ ಹಾಕಿಯೇ ಕೋಡ್ ಬರೆಯುತ್ತೇವೆ.) ತಪ್ಪಾಗಿ ಅಳಿಸಿದರೆ ಮರಳಿ ತರುವ ದಾರಿ ಇದ್ದಾಗ "ಖಚಿತವಾಗಿ ಅಳಿಸಲೇ?" ಎಂದೂ ಕೇಳಬೇಕಿಲ್ಲ. ಹತ್ತು ಸಲ ಕೇಳಿದರೆ ಹನ್ನೊಂದನೆಯ ಸಲ ಯಾರೂ ಓದುವುದಿಲ್ಲ.

ಹಾರ್ಡ್ ಡಿಸ್ಕ್ ತುಂಬಿ ಇನ್ನು ಮುಂದೆ ಬರೆದದ್ದು ಉಳಿಯುವುದಿಲ್ಲ ಎಂಬ ಸ್ಥಿತಿ ಬಂದರೆ ಮಾತ್ರ ನನ್ನ ಪ್ರೋಗ್ರಾಂ ಪರದೆಗೆ ಅಡ್ಡ ನಿಲ್ಲುತ್ತದೆ, ನಿಂತು ಅಲ್ಲಾಡುವುದಿಲ್ಲ. ಅಲ್ಲಿ ಮೆಲ್ಲಗೆ ಮಿಣುಕುತ್ತ ಕೂರುವುದು ಸಭ್ಯತೆಯಲ್ಲ, ದ್ರೋಹ. ಪೆಟ್ಟಿಗೆ ಹಾಕುವ ಮೊದಲು ನನಗೆ ನಾನೇ ಕೇಳಿಕೊಳ್ಳುವುದು ಇಷ್ಟೇ: ಈ ಮಾತು ಈ ಗಳಿಗೆಯಲ್ಲಿ ಯಾರಿಗೆ ಬೇಕು, ಮುನೀಮರಿಗೋ ನನಗೋ? ಹೊಸ ಆವೃತ್ತಿಯ ಸುದ್ದಿ ನನಗೆ ಬೇಕಾದದ್ದು. ವಾರ್ಷಿಕ ನಿರ್ವಹಣೆ ಹಣದ ನೆನಪು ನನಗೆ ಬೇಕಾದದ್ದು. "ನಮ್ಮ ಸೇವೆ ಹೇಗಿದೆ, ಐದು ಚುಕ್ಕಿ ಕೊಡಿ" ಅಂತೂ ಪೂರ್ತಿ ನನ್ನ ಚಪಲ. ಡಿಸ್ಕ್ ತುಂಬಿದ್ದು ಅವರಿಗೆ ಬೇಕಾದದ್ದು.

ನಿರ್ವಹಣೆ ಹಣದ ವಿಷಯದಲ್ಲಿ ಮಾತ್ರ ನನ್ನ ನಿಷ್ಠೆಗೆ ನಾನೇ ದಂಡ ತೆರುತ್ತಿದ್ದೇನೆ. ಮೊದಲು ಅವಧಿ ಮುಗಿಯುವ ಹದಿನೈದು ದಿನ ಮುಂಚಿನಿಂದ ದಿನಾ ಪೆಟ್ಟಿಗೆ ಬರುತ್ತಿತ್ತು, ಹಣವೂ ಬರುತ್ತಿತ್ತು. ಈಗ ಮೊದಲ ಪುಟದ ಅಡಿಯಲ್ಲಿ ಒಂದು ಸಾಲು ಇರುತ್ತದೆ, ಹಣ ಸುಗ್ಗಿ ಮುಗಿದ ಮೇಲೆ ಬರುತ್ತದೆ, ಕೆಲವೊಮ್ಮೆ ಮುಂದಿನ ಸುಗ್ಗಿ. ನನ್ನ ಹೆಂಡತಿ ಈ ವಿನ್ಯಾಸವನ್ನು ಒಪ್ಪಿಲ್ಲ.

ಮೊನ್ನೆ ಅದೇ ಅಂಗಡಿಗೆ ಹೋಗಿದ್ದೆ. ಮುನೀಮರ ಪರದೆಯ ತುದಿಯಲ್ಲಿ ಆ ತೆಳು ಪಟ್ಟೆ ಹಾಗೇ ಇತ್ತು, ಮೂರು ಆವೃತ್ತಿ ಹಿಂದಿದ್ದರು.

"ಇದನ್ನ ನೋಡಿಲ್ಲೇನ್ರಿ?"

"ನೋಡೀನಿ ಬಿಡ್ರಿ ಸರ. ಏನೂ ಅಂದಿಲ್ಲ ಅದು ನನಗ. ಇರ್ಲಿ ಅಂತ ಬಿಟ್ಟೀನಿ."

ರವಿವಾರ ಪೆನ್‌ಡ್ರೈವ್ ತೆಗೆದುಕೊಂಡು ಬರುತ್ತೇನೆ ಎಂದೆ. ಬಜಾರ ಇಲ್ಲದ ದಿನ ಆದರೆ ಅಡ್ಡಿ ಇಲ್ಲ ಎಂದು ಮುಂದಿನ ಚೀಟಿ ಎತ್ತಿಕೊಂಡರು.